ಗ್ಯಾಸ್ ಬಸ್ಸು ಬಂತು ಸರಿ, ಬಿಲ್ ಯಾರ ಕೈಗೆ ಕೊಟ್ರಿ?



ಸ್ವಲ್ಪ ಉದ್ದದ ಬರಹ, ಪುರುಸೊತ್ತು ಮಾಡಿಕೊಂಡು ಓದಿ. ವಿಷಯ ಸಿಎನ್‌ಜಿ. ಅಂದ್ರೆ ಬಸ್ಸು, ಆಟೋಗಳಿಗೆ ಹಾಕೋ ಗ್ಯಾಸ್. "ಇದೇನು ಮಾರಾಯ, ಮೀಸಲಾತಿ, ಭೂಮಿ, ದೌರ್ಜನ್ಯದ ಕೇಸು ಎಲ್ಲ ಬಿಟ್ಟು ಗ್ಯಾಸ್ ಬಗ್ಗೆ ಬರೀತಿದೀಯ" ಅಂತ ಕೇಳೋರು ಕೇಳ್ತಾರೆ. ಇದರೊಳಗೆ ಮೀಸಲಾತಿಯೂ ಇದೆ, ಭೂಮಿಯೂ ಇದೆ. ಕೊನೆತನಕ ಓದಿ, ಆಮೇಲೆ ಬೈಯಿರಿ.

ನಮ್ಮ ಚಳವಳಿಯಲ್ಲಿ ಒಂದು ಅಭ್ಯಾಸ ಇದೆ. ಪರಿಸರ, ಹೊಗೆ, ಹವಾಮಾನ ಅಂದ ಕೂಡಲೇ ಅದು ಇಂಗ್ಲಿಷ್ ಮಾತಾಡೋರ ವಿಷಯ ಅಂತ ಪಕ್ಕಕ್ಕಿಡ್ತೀವಿ. ಆದರೆ ಊರಿನ ಹೊಗೆಯನ್ನ ಅತಿ ಹೆಚ್ಚು ಕುಡಿಯೋರು ಯಾರು? ಬೆಳಗಿನ ಜಾವ ರಸ್ತೆಗಿಳಿದು ಕಸ ಗುಡಿಸೋ ಪೌರಕಾರ್ಮಿಕರು. ಸಿಗ್ನಲ್ಲಿನಲ್ಲಿ ಹೂವು, ಪೆನ್ನು ಮಾರೋ ಮಕ್ಕಳು. ತಳ್ಳೋಗಾಡಿಯವರು. ದಿನಕ್ಕೆ ಹತ್ತು ಹನ್ನೆರಡು ಗಂಟೆ ಬಾಗಿಲಿಲ್ಲದ ಗಾಡಿಯಲ್ಲಿ ಕೂರೋ ಆಟೋ ಡ್ರೈವರ್. ಮನೆಗೆಲಸ ಮುಗಿಸಿ ಬಸ್ ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ಕಾಯೋ ಹೆಣ್ಣುಮಕ್ಕಳು. ಹೊಗೆ ಬಿಡೋ ಕಾರಿನವನು ಗಾಜು ಏರಿಸಿಕೊಂಡು ಎಸಿ ಹಾಕಿಕೊಂಡಿರ್ತಾನೆ. ಈ ಪಟ್ಟಿಯಲ್ಲಿ ನಮ್ಮೋರು ಎಷ್ಟು ಜನ ಅಂತ ನಿಮ್ಮ ನಿಮ್ಮ ಕೇರಿಯಲ್ಲೇ ಲೆಕ್ಕ ಹಾಕಿ. ಇದು ನಮ್ಮ ವಿಷಯ ಅಲ್ಲದೆ ಇನ್ಯಾರದ್ದು?

ಮೊದಲು ಸಿಎನ್‌ಜಿ ಅಂದ್ರೇನು ಅಂತ ಸರಳವಾಗಿ ಹೇಳಿಬಿಡ್ತೀನಿ. ಭೂಮಿಯ ಆಳದಿಂದ ಬರೋ ನೈಸರ್ಗಿಕ ಅನಿಲ ಇದು, ಬಹುಪಾಲು ಮೀಥೇನ್. ಇದನ್ನ ಸಾಮಾನ್ಯ ಗಾಳಿಯ ಒತ್ತಡದ ಸುಮಾರು 200 ಪಟ್ಟು ಒತ್ತಡದಲ್ಲಿ ಗಟ್ಟಿ ಸಿಲಿಂಡರಿಗೆ ತುಂಬ್ತಾರೆ. ಅಡುಗೆಮನೆಯ ಎಲ್‌ಪಿಜಿ ಬೇರೆ. ಅದು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಕೂರುತ್ತೆ. ಸಿಎನ್‌ಜಿ ಗಾಳಿಗಿಂತ ಹಗುರ, ಬಯಲಿನಲ್ಲಿ ಸೋರಿದರೆ ಮೇಲಕ್ಕೆ ಹೋಗುತ್ತೆ. ಹಳೇ ಡೀಸೆಲ್ ಬಸ್ಸು ಬಿಡೋ ಕರಿ ಮಸಿ ಇದರಲ್ಲಿ ತೀರಾ ಕಡಿಮೆ. ಆ ಮಸಿಯ ಸಣ್ಣ ಕಣಗಳೇ ಶ್ವಾಸಕೋಶದ ಆಳಕ್ಕೆ ಇಳಿದು ಜನರನ್ನ ಕೊಲ್ಲೋದು. ಹಾಗಾಗಿ ಸಿಎನ್‌ಜಿ ಬಂದಿದ್ದು ತಪ್ಪು ಅಂತ ನಾನು ಹೇಳೋದೇ ಇಲ್ಲ. ಕಸ ಗುಡಿಸೋ ನನ್ನ ಅಕ್ಕಂದಿರ ಮೂಗಿಗೆ ಮಸಿ ಕಡಿಮೆ ಹೋದರೆ ಅದು ಗೆಲುವೇ.

ನನ್ನ ತಕರಾರು ಇರೋದು ಆ ಗೆಲುವಿನ ಖರ್ಚನ್ನ ಯಾರ ತಲೆಗೆ ಕಟ್ಟಿದ್ರು ಅನ್ನೋದರ ಬಗ್ಗೆ. ಇದು ಅರ್ಥ ಆಗಬೇಕಾದ್ರೆ ದೆಹಲಿಗೆ ಹೋಗಬೇಕು. ಒಂದು ಇಡೀ ಮಹಾನಗರದ ಬಸ್ಸುಗಳನ್ನ ಕೋರ್ಟ್ ಆದೇಶದ ಮೇಲೆ ಗ್ಯಾಸಿಗೆ ತಿರುಗಿಸಿದ್ದು ಅಲ್ಲೇ.

ವಕೀಲ ಎಂ.ಸಿ. ಮೆಹ್ತಾ 1985ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯಿಂದ ಈ ಕಥೆ ಶುರು. 1998ರಲ್ಲಿ ಭೂರೇಲಾಲ್ ನೇತೃತ್ವದ ಪ್ರಾಧಿಕಾರ ಶಿಫಾರಸು ಕೊಡ್ತು. ಅದರ ಮೇಲೆ 1998ರ ಜುಲೈ 28ರಂದು ಸುಪ್ರೀಂ ಕೋರ್ಟ್ ಆದೇಶ ಮಾಡ್ತು. ಅದರಲ್ಲಿ ಏನೇನಿತ್ತು ನೋಡಿ. 1990ಕ್ಕಿಂತ ಹಿಂದಿನ ಆಟೋ, ಟ್ಯಾಕ್ಸಿಗಳನ್ನ ತೆಗೆದು ಶುದ್ಧ ಇಂಧನದ ಹೊಸ ಗಾಡಿ ತರಬೇಕು. 8 ವರ್ಷಕ್ಕಿಂತ ಹಳೇ ಬಸ್ಸುಗಳು ಸಿಎನ್‌ಜಿ ಅಥವಾ ಇನ್ನೊಂದು ಶುದ್ಧ ಇಂಧನದಲ್ಲಿ ಓಡದಿದ್ದರೆ ರಸ್ತೆಗೆ ಬರಬಾರದು. 2001ರ ಮಾರ್ಚ್ 31ರ ಹೊತ್ತಿಗೆ ನಗರದ ಎಲ್ಲ ಬಸ್ಸೂ ಸಿಎನ್‌ಜಿ ಆಗಬೇಕು. ಇದೇ ಆದೇಶದಲ್ಲಿ ಇನ್ನೊಂದು ಸಾಲೂ ಇತ್ತು: 2001ರ ಏಪ್ರಿಲ್ 1ರ ಹೊತ್ತಿಗೆ ಬಸ್ಸುಗಳ ಸಂಖ್ಯೆಯನ್ನ 10,000ಕ್ಕೆ ಏರಿಸಬೇಕು.

ಆ 10,000 ಅನ್ನೋ ಅಂಕಿ ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ.

2001 ಬಂತು. ಬೇಕಾದಷ್ಟು ಗ್ಯಾಸ್ ಇಲ್ಲ, ಬಂಕ್ ಇಲ್ಲ, ಹೊಸ ಬಸ್ ಇಲ್ಲ. ಸರ್ಕಾರಗಳು ಮೂರು ವರ್ಷ ಕೈಕಟ್ಟಿ ಕೂತಿದ್ದವು. ಬಸ್ ಮಾಲೀಕರು ಆದೇಶ ಹೇಗಾದರೂ ಮುಂದಕ್ಕೆ ಹೋಗುತ್ತೆ ಅಂತ ಕಾದರು. ಏಪ್ರಿಲ್‌ನಲ್ಲಿ ಸಾವಿರಾರು ಜನ ಬಸ್ಸಿಲ್ಲದೆ ನಿಲ್ದಾಣಗಳಲ್ಲಿ ಪರದಾಡಿದರು. ಆಟೋದವರು ಗ್ಯಾಸಿಗಾಗಿ ಬಂಕ್ ಮುಂದೆ ರಾತ್ರಿಯಿಡೀ ಸಾಲು ನಿಂತರು. ಸಾಲಿನಲ್ಲಿ ಕಳೆದ ರಾತ್ರಿಗೆ ಯಾರೂ ಬಾಡಿಗೆ ಕೊಡಲ್ಲ. ಗಾಡಿಯ ದಿನಬಾಡಿಗೆಯನ್ನಂತೂ ಮಾಲೀಕನಿಗೆ ಕಟ್ಟಲೇಬೇಕು.

2002ರ ಏಪ್ರಿಲ್ 5ರಂದು ಕೋರ್ಟ್ ಇನ್ನೂ ಬಿಗಿ ಮಾಡ್ತು. ರಸ್ತೆಗಿಳಿಯೋ ಒಂದೊಂದು ಡೀಸೆಲ್ ಬಸ್ಸಿಗೂ ಮೊದಲ 30 ದಿನ ದಿನಕ್ಕೆ 500 ರೂಪಾಯಿ ದಂಡ, ಆಮೇಲೆ ದಿನಕ್ಕೆ 1,000. ಆ ವರ್ಷದ ಕೊನೆಗೆ ದೆಹಲಿಯ ನಗರ ಬಸ್ಸುಗಳು ಡೀಸೆಲ್ ಬಿಟ್ಟವು. ಬಸ್ಸಿನ ಹಿಂದೆ ಎದ್ದೇಳ್ತಿದ್ದ ಕರಿ ಹೊಗೆ ಹೋಯ್ತು. ಜಗತ್ತು ಹೊಗಳಿತು. ಹೊಗಳಿಕೆಗೆ ಅರ್ಹವಾದ ಕೆಲಸವೇ. ಕೋರ್ಟ್ ಬಿಗಿ ಮಾಡದಿದ್ದರೆ ಸರ್ಕಾರಗಳು ಅಲುಗಾಡ್ತಿರಲಿಲ್ಲ ಅನ್ನೋದನ್ನೂ ಒಪ್ಪೋಣ.

ಈಗ ನನ್ನ ಪ್ರಶ್ನೆ. ಅದೇ ಊರಲ್ಲಿ ಕಾರುಗಳ ಕಥೆ ಏನಾಯ್ತು?

ಹೊಸದಾಗಿ ಮಾರಾಟ ಆಗೋ ಕಾರಿಗೆ ಯೂರೋ ಮಾನದಂಡ ತಂದರು, ಹೌದು. ಆದರೆ ಮನೆ ಮುಂದೆ ನಿಂತಿರೋ ಕಾರಿನ ಇಂಧನ ಬದಲಾಯಿಸು ಅಂತ ಯಾವ ಸಾಹುಕಾರನಿಗೂ ಗಡುವು ಕೊಡಲಿಲ್ಲ. ದಿನಕ್ಕೆ 1,000 ದಂಡ ಅಂತ ಯಾರೂ ಹೇಳಲಿಲ್ಲ. ಬಸ್ಸಿನಿಂದ ಡೀಸೆಲ್ ತೆಗೆದ ಊರಿನಲ್ಲೇ ದೊಡ್ಡ ದೊಡ್ಡ ಡೀಸೆಲ್ ಕಾರುಗಳು ತುಂಬಿಕೊಂಡವು. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತ 2,000 ಸಿಸಿ ಮತ್ತು ಅದಕ್ಕಿಂತ ದೊಡ್ಡ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸ್ತು. ಕಾರು ಕಂಪನಿಗಳು ಕೋರ್ಟಿಗೆ ಹೋದವು. 2016ರ ಆಗಸ್ಟ್‌ನಲ್ಲಿ ನಿಷೇಧ ಹೋಯ್ತು. ಬದಲಿಗೆ ಬಂದಿದ್ದು ಕಾರಿನ ಬೆಲೆಯ ಮೇಲೆ ಶೇ 1ರಷ್ಟು ಪರಿಸರ ಶುಲ್ಕ, ಅದೂ ಒಂದೇ ಸಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಐವತ್ತು ಅರವತ್ತು ಜನರನ್ನ ಹೊತ್ತೊಯ್ಯೋ ಬಸ್ಸಿಗೆ ದಿನಾ ದಂಡ. ಒಬ್ಬನನ್ನ ಹೊತ್ತೊಯ್ಯೋ ದೊಡ್ಡ ಕಾರಿಗೆ ಒಂದು ಸಲ ಶೇ 1 ಕಟ್ಟಿದರೆ ಹೊಗೆ ಬಿಡೋಕೆ ಪರವಾನಗಿ. ಯಾವ ನ್ಯಾಯದ ತಕ್ಕಡಿ ಇದು?

ಆಟೋದವರ ಕಥೆ ಇನ್ನೂ ಕೆಟ್ಟದು. ಹೊಗೆ ಮತ್ತು ದಟ್ಟಣೆಯ ಕಾರಣ ಕೊಟ್ಟು 1997ರಲ್ಲಿ ದೆಹಲಿಯ ಆಟೋಗಳ ಸಂಖ್ಯೆಗೆ ಕೋರ್ಟ್ ಮಿತಿ ಹಾಕ್ತು. ಹೊಸ ಪರ್ಮಿಟ್ ಬಂದ್. ಆಮೇಲೆ ಎಲ್ಲ ಆಟೋಗಳೂ ಸಿಎನ್‌ಜಿ ಆದವು, ಆದರೂ ಮಿತಿ ಹೋಗಲಿಲ್ಲ. 2011ರಲ್ಲಿ ಅದನ್ನ 1 ಲಕ್ಷಕ್ಕೆ ಏರಿಸೋವರೆಗೆ ಹದಿನಾಲ್ಕು ವರ್ಷ ಹಾಗೇ ನಡೀತು. ಪರ್ಮಿಟ್ ಕಡಿಮೆ ಇದ್ದು ಓಡಿಸೋ ಕೈ ಹೆಚ್ಚಿದ್ದರೆ ಏನಾಗುತ್ತೆ ಅಂತ ನಮಗೆ ಹೇಳಿಕೊಡಬೇಕಾ? ಪರ್ಮಿಟ್ ಫೈನಾನ್ಸಿಯರ್ ಕೈ ಸೇರ್ತು. ಕಾಳಸಂತೆಯಲ್ಲಿ ಆಟೋದ ಬೆಲೆ ಶೋರೂಂ ಬೆಲೆಯ ಎಷ್ಟೋ ಪಟ್ಟಾಯ್ತು. ಓಡಿಸೋನು ಜೀವನಪೂರ್ತಿ ಬಾಡಿಗೆ ಗಾಡಿಯವನಾಗೇ ಉಳಿದ. ಅದೇ ಹದಿನಾಲ್ಕು ವರ್ಷ ಕಾರುಗಳ ಒಟ್ಟು ಸಂಖ್ಯೆಗೆ ಅಂಥ ಮಿತಿ ಇತ್ತಾ? ಇಲ್ಲ. ನಾಲ್ಕು ಕಾರು ಬೇಕಾ, ನಾಲ್ಕು ಸಾಲ ಬೇಕಾ, ಬ್ಯಾಂಕಿನವರೇ ಮನೆಗೆ ಬರ್ತಿದ್ರು.

ಇನ್ನೊಂದು ಉದಾಹರಣೆ, ಹೆಸರು ಕೇಳಿದ್ರೆ ಹೊಟ್ಟೆ ಉರಿಯುತ್ತೆ. 2008ರಲ್ಲಿ ದೆಹಲಿಯ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ ಬಸ್ಸಿಗೆ ಅಂತಲೇ ಪ್ರತ್ಯೇಕ ದಾರಿ ಬಿಟ್ಟರು. ಆರು ಕಿಲೋಮೀಟರ್ ಕೂಡ ಇರಲಿಲ್ಲ ಅದು. ಶುದ್ಧ ಇಂಧನದ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳದೆ ಓಡಲಿ ಅಂತ. ಕಾರಿನವರಿಗೆ ತಡೆಯೋಕಾಗಲಿಲ್ಲ. ನಮ್ಮ ರಸ್ತೆ ಬಸ್ಸಿನವರು ಕಿತ್ಕೊಂಡ್ರು ಅಂತ ಗಲಾಟೆ, ಹೈಕೋರ್ಟಿನಲ್ಲಿ ಅರ್ಜಿ. 2012ರಲ್ಲಿ ಹೈಕೋರ್ಟ್ ಆ ಅರ್ಜಿಯನ್ನ ವಜಾ ಮಾಡಿ ಬಸ್ ಪ್ರಯಾಣಿಕರ ಪರ ನಿಂತ್ಕೊಳ್ತು. ಆದರೂ 2015ರಲ್ಲಿ ಸರ್ಕಾರವೇ ಅದನ್ನ ರದ್ದು ಮಾಡೋಕೆ ತೀರ್ಮಾನಿಸಿ, ಆಮೇಲೆ ಒಡೆದುಹಾಕ್ತು. ರಸ್ತೆಯಲ್ಲೂ ನಮ್ಮ ಪಾಲಿನ ಗೆರೆ ಅಳಿಸೋದು ಅಂದ್ರೆ ಇದೇ.

ಈಗ 10,000 ಬಸ್ಸಿನ ಮಾತಿಗೆ ಬರ್ತೀನಿ. ಒಂದೇ ಆದೇಶದಲ್ಲಿ ಇಂಧನ ಬದಲಾಯಿಸಿ ಅಂತಲೂ ಇತ್ತು, ಬಸ್ ಹೆಚ್ಚಿಸಿ ಅಂತಲೂ ಇತ್ತು. ಇಂಧನದ ಸಾಲು ದಂಡ ಹಾಕಿಸಿಕೊಂಡು ಜಾರಿಯಾಯ್ತು. ಸಂಖ್ಯೆಯ ಸಾಲಿಗೆ ಅಂಥ ಯಾವ ದಂಡವೂ ಇರಲಿಲ್ಲ. ಕಾಲು ಶತಮಾನ ದಾಟಿದರೂ ದೆಹಲಿ ಸಾರಿಗೆ ನಿಗಮಕ್ಕೆ 10,000 ಬಸ್ಸಿಲ್ಲ. ಹೊಗೆ ನಿಜವಾಗಿ ಕಡಿಮೆ ಆಗೋದು ಜನ ಕಾರು, ಬೈಕು ಬಿಟ್ಟು ಬಸ್ ಹತ್ತಿದಾಗ. ಬಸ್ಸೇ ಸಿಗದಿದ್ದರೆ ಇರೋನು ಬೈಕ್ ಕೊಳ್ತಾನೆ, ಇಲ್ಲದೋನು ಕಾಯ್ತಾನೆ. ದೆಹಲಿಯ ಗಾಳಿ ಇವತ್ತು ಹೇಗಿದೆ ಅಂತ ಪ್ರತಿ ನವೆಂಬರ್‌ನಲ್ಲಿ ಟಿವಿಯಲ್ಲಿ ನೋಡ್ತೀವಲ್ಲ. ಕೂಳೆ ಸುಡೋ ರೈತನನ್ನ ಬೈಯ್ಯೋಕೆ ಎಲ್ಲರಿಗೂ ಬಾಯಿದೆ. ಆ 10,000 ಬಸ್ ಎಲ್ಲಿ ಅಂತ ಕೇಳೋಕೆ ಯಾರಿಗೂ ಬಾಯಿಲ್ಲ.

ದೆಹಲಿ ಆಯ್ತು, ನಮ್ಮ ಕಡೆ ಬರೋಣ.

ಗ್ಯಾಸ್ ಆಕಾಶದಿಂದ ಬಂಕಿಗೆ ಇಳಿಯಲ್ಲ. 2013ರಲ್ಲಿ ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಪೈಪ್‌ಲೈನ್ ಬಂತು. ಬೆಳಗಾವಿ, ಧಾರವಾಡ, ಗದಗ, ದಾವಣಗೆರೆ, ಚಿತ್ರದುರ್ಗ, ತುಮಕೂರು ಸೀಮೆಯ ಹೊಲಗಳ ಕೆಳಗೆ ಹಾದು ಬಂದಿದೆ ಅದು. ಇಂಥ ಪೈಪಿಗೆ ಜಮೀನು ಪಡೆಯೋಕೆ 1962ರ ಒಂದು ಕೇಂದ್ರ ಕಾಯ್ದೆ ಇದೆ. ಅದರ ಪ್ರಕಾರ ಜಮೀನು ರೈತನ ಹೆಸರಲ್ಲೇ ಇರುತ್ತೆ, ಪೈಪ್ ಹೂಳೋ ಬಳಕೆಯ ಹಕ್ಕು ಮಾತ್ರ ಸರ್ಕಾರಕ್ಕೆ, ಅಲ್ಲಿಂದ ಕಂಪನಿಗೆ. ಕೇಳೋಕೆ ಚೆನ್ನಾಗಿದೆ. ಆದರೆ ಆ ಪಟ್ಟಿಯ ಮೇಲೆ ಮನೆ ಕಟ್ಟೋ ಹಾಗಿಲ್ಲ, ಬಾವಿ ತೋಡೋ ಹಾಗಿಲ್ಲ, ಮರ ನೆಡೋ ಹಾಗಿಲ್ಲ. ಆ ಹಕ್ಕಿಗೆ ಪರಿಹಾರ ಎಷ್ಟು ಗೊತ್ತಾ? ಜಮೀನಿನ ಮಾರುಕಟ್ಟೆ ಬೆಲೆಯ ಶೇ 10. ಬೆಳೆ, ಮರ ಹಾಳಾದ್ದಕ್ಕೆ ಬೇರೆ ಲೆಕ್ಕ, ಅಷ್ಟೇ.

ಐವತ್ತು ಎಕರೆ ಇರೋ ಗೌಡನಿಗೆ ಒಂದು ಪಟ್ಟಿ ಹೋದರೆ ಅದು ಬದುವಿನ ಲೆಕ್ಕ. ದರಖಾಸ್ತಿನಲ್ಲಿ ಸಿಕ್ಕಿದ ಒಂದೂವರೆ ಎಕರೆಯಲ್ಲೇ ಬದುಕೋನಿಗೆ ಅದೇ ಪಟ್ಟಿ ಮಗನ ಮನೆಯ ಜಾಗ, ಬಾವಿಯ ಜಾಗ, ನಾಲ್ಕು ತೆಂಗಿನ ಜಾಗ. ಪಹಣಿಯಲ್ಲಿ ಹೆಸರೇ ಇಲ್ಲದ ಬಗರ್‌ಹುಕುಂ ಸಾಗುವಳಿದಾರ ಆ ಶೇ 10 ಕೇಳೋಕೂ ಯಾವ ಕಾಗದ ತೋರಿಸಬೇಕು? ಅಪಾಯದ ಮಾತೂ ಇದೆ. 2014ರ ಜೂನ್ 27ರ ಬೆಳಗಿನ ಜಾವ ಆಂಧ್ರದ ಗೋದಾವರಿ ಸೀಮೆಯ ನಗರಂ ಹಳ್ಳಿಯಲ್ಲಿ ಗೇಲ್ ಸಂಸ್ಥೆಯ ಅನಿಲ ಪೈಪ್ ಸೋರಿ ಬೆಂಕಿ ಹತ್ತಿಕೊಂಡು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ನಗರದ ಗಾಳಿ ಶುದ್ಧ ಮಾಡೋ ಗ್ಯಾಸ್ ಹಳ್ಳಿಯ ಮನೆ ಪಕ್ಕದಲ್ಲಿ ಹಾದುಹೋಗುತ್ತೆ. ಶುದ್ಧ ಗಾಳಿ ಒಂದು ಕಡೆ, ಭಯ ಇನ್ನೊಂದು ಕಡೆ.

ಇನ್ನು ಬೆಲೆ. ನಮ್ಮ ದೇಶ ಬಳಸೋ ನೈಸರ್ಗಿಕ ಅನಿಲದಲ್ಲಿ ಹತ್ತಿರಹತ್ತಿರ ಅರ್ಧ ಹೊರಗಿನಿಂದ ಹಡಗಿನಲ್ಲಿ ಬರುತ್ತೆ. ಎಲ್ಲೋ ಯುದ್ಧ ಆದರೆ ಇಲ್ಲಿ ಬಂಕಿನ ಬೋರ್ಡ್ ಬದಲಾಗುತ್ತೆ. 2022ರಲ್ಲಿ ಉಕ್ರೇನ್ ಯುದ್ಧದ ಹೊತ್ತಲ್ಲಿ ಸಿಎನ್‌ಜಿ ಬೆಲೆ ಮೇಲಿಂದ ಮೇಲೆ ಏರಿ, ಏಪ್ರಿಲ್‌ನಲ್ಲಿ ದೆಹಲಿಯ ಆಟೋ, ಟ್ಯಾಕ್ಸಿಯವರು ಮುಷ್ಕರ ಮಾಡಬೇಕಾಯ್ತು. ಬೆಂಗಳೂರಿನ ಆಟೋಗಳು ಬಹಳ ವರ್ಷದಿಂದ ಎಲ್‌ಪಿಜಿಯಲ್ಲಿ ಓಡ್ತಿವೆ, ಈಗೀಗ ಸಿಎನ್‌ಜಿಯೂ ಬಂದಿದೆ. ಇಲ್ಲೂ ಕಥೆ ಅದೇ. ಗ್ಯಾಸಿನ ಬೆಲೆ ಯಾವಾಗ ಬೇಕಾದರೂ ಏರಬಹುದು. ಮೀಟರ್ ದರ ಮಾತ್ರ ಅಧಿಕಾರಿಗಳು ಸಭೆ ಸೇರಿ ಬದಲಾಯಿಸಬೇಕು. 2013ರಲ್ಲಿ ಕನಿಷ್ಠ ದರ 25 ರೂಪಾಯಿ ಆಯ್ತು. ಅದು 30 ಆಗೋಕೆ 2021ರ ಡಿಸೆಂಬರ್ ಬರಬೇಕಾಯ್ತು. ನಡುವಿನ ಎಂಟು ವರ್ಷದ ಬೆಲೆ ಏರಿಕೆಯನ್ನ ಹೊತ್ತೋನು ಡ್ರೈವರ್. ಮೇಲೆ ಸಿಎನ್‌ಜಿ ಸಿಲಿಂಡರನ್ನ ಮೂರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆಗೆ ಕೊಡಬೇಕು, ಅದರ ಖರ್ಚೂ ಅವನದೇ, ಆ ದಿನದ ದುಡಿಮೆಯೂ ಅವನದೇ. ಆ ಪರೀಕ್ಷೆ ಬೇಕೇ ಬೇಕು, ಜೀವದ ಪ್ರಶ್ನೆ ಅದು. ಊರಿನ ಗಾಳಿಗೋಸ್ಕರ ಹಾಕಿಸಿದ ಸಿಲಿಂಡರಿನ ಪರೀಕ್ಷೆಗೆ ಊರು ದುಡ್ಡು ಕೊಟ್ಟರೆ ಏನು ಗಂಟು ಹೋಗುತ್ತೆ?

"ಈಗ ಸಿಎನ್‌ಜಿ ಕಾಲ ಮುಗೀತು, ಎಲೆಕ್ಟ್ರಿಕ್ ಬಂತು, ನೀನಿನ್ನೂ ಗ್ಯಾಸ್ ಹಿಡ್ಕೊಂಡು ಕೂತಿದೀಯ" ಅಂತ ಹುಡುಗರು ಹೇಳ್ತಾರೆ. ನಿಜ. ಮೀಥೇನ್ ಸುಡದೆ ಸೋರಿದರೆ ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಭೂಮಿಯನ್ನ ಕಾಯಿಸುತ್ತೆ. ದೆಹಲಿಯಲ್ಲೇ ಸಿಎನ್‌ಜಿ ಬಸ್ಸುಗಳ ಜಾಗಕ್ಕೆ ವಿದ್ಯುತ್ ಬಸ್ ಬರ್ತಿವೆ. ನಮ್ಮ ಬಿಎಂಟಿಸಿಯೂ 2021ರ ಕೊನೆಯಿಂದ ವಿದ್ಯುತ್ ಬಸ್ ಓಡಿಸ್ತಿದೆ. ಅದಕ್ಕೇ ದೆಹಲಿಯ ಹಳೇ ಕಥೆ ಈಗ ಹೇಳ್ತಿರೋದು. ಇಂಧನ ಬದಲಾಗೋ ಪ್ರತಿ ಸಲವೂ ಏನೋ ಒಂದು ನಮ್ಮ ಕೈಯಿಂದ ಜಾರುತ್ತೆ, ಈ ಸಲ ಜಾರ್ತಿರೋದು ಕೆಲಸ.

ಹೇಗೆ ಅಂದ್ರೆ, ಈ ವಿದ್ಯುತ್ ಬಸ್ಸುಗಳನ್ನ ನಿಗಮ ಕೊಳ್ಳಲ್ಲ. ಕಂಪನಿಯ ಬಸ್ಸು, ಕಂಪನಿಯ ಡ್ರೈವರ್. ನಿಗಮ ಕಿಲೋಮೀಟರಿಗೆ ಇಷ್ಟು ಅಂತ ಕಂಪನಿಗೆ ದುಡ್ಡು ಕೊಡುತ್ತೆ, ಕಂಡಕ್ಟರ್ ಮಾತ್ರ ನಿಗಮದವರು. ನಿಗಮ ಡ್ರೈವರ್ ಹುದ್ದೆ ತುಂಬಿದಾಗ ಅಲ್ಲಿ ರೋಸ್ಟರ್ ಇರುತ್ತೆ, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದವರ ಪಾಲಿರುತ್ತೆ. ಪಿಎಫ್, ರಜೆ, ಯೂನಿಯನ್ ಎಲ್ಲ ಇರುತ್ತೆ. ನಮ್ಮ ಕೇರಿಗಳಲ್ಲಿ ಎಷ್ಟು ಮನೆಗಳು ಒಬ್ಬ ಅಪ್ಪನ ಖಾಕಿ ಅಂಗಿಯ ಮೇಲೆ ನಿಂತವು, ಎಷ್ಟು ಹೆಣ್ಣುಮಕ್ಕಳು ಆ ಸಂಬಳದಲ್ಲಿ ಡಿಗ್ರಿ ಓದಿದರು ಅಂತ ನಿಮಗೇ ಗೊತ್ತು. ಕಂಪನಿ ಡ್ರೈವರ್ ತಗೊಂಡಾಗ ರೋಸ್ಟರ್ ಎಲ್ಲಿ? ಸಂವಿಧಾನದ 16(4)ನೇ ವಿಧಿ ಕಂಪನಿ ಗೇಟಿನ ಹೊರಗೇ ನಿಲ್ಲುತ್ತೆ. ಬಸ್ಸಿನ ಬಣ್ಣ ಅದೇ, ಬೋರ್ಡ್ ಅದೇ, ಟಿಕೆಟ್ ಅದೇ. ಸ್ಟೇರಿಂಗ್ ಹಿಂದಿನ ಹುದ್ದೆ ಮಾತ್ರ ಸದ್ದಿಲ್ಲದೆ ಮೀಸಲಾತಿಯಿಂದ ಹೊರಗೆ ಹೋಯ್ತು. ಒಂದು ಸರ್ಕಾರಿ ಶಾಲೆ ಮುಚ್ಚಿದರೆ ಬೀದಿಗಿಳಿಯೋ ನಾವು ಇದಕ್ಕೆ ಎಷ್ಟು ಸಲ ಇಳಿದಿದ್ದೀವಿ?

ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗ ಬಸ್ಸುಗಳಲ್ಲಿ ಕಾಣಿಸಿದ ಹೆಣ್ಣುಮಕ್ಕಳ ಮುಖ ನೆನಪಿಸಿಕೊಳ್ಳಿ. ಬಸ್ಸು ಸರ್ಕಾರದ್ದಾಗಿತ್ತು, ಅದಕ್ಕೇ ಸರ್ಕಾರ "ಟಿಕೆಟ್ ಬೇಡ, ಹತ್ತಿ" ಅಂತ ಒಂದೇ ದಿನದಲ್ಲಿ ಹೇಳೋಕಾಯ್ತು. ನಾಳೆ ಬಸ್ಸೆಲ್ಲ ಕಂಪನಿ ಪಾಲಾದರೆ ಅದೇ ಮಾತು ಹೇಳೋಕೆ ಗುತ್ತಿಗೆಯ ಕಾಗದ ತಿರುವಿ ಹಾಕಬೇಕಾಗುತ್ತೆ.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ ಮತ್ತು ನೀರಾವರಿಯನ್ನೂ ನೋಡಿಕೊಳ್ತಿದ್ರು. 1943ರ ಅಕ್ಟೋಬರ್‌ನಲ್ಲಿ ವಿದ್ಯುತ್ ಬಗ್ಗೆ ಅವರು ಮಾಡಿದ ಭಾಷಣವನ್ನ ನಮ್ಮ ಹುಡುಗರು ಓದಬೇಕು. ವಿದ್ಯುತ್ ಖಾಸಗಿಯವರ ಕೈಲಿರಬೇಕಾ, ಸರ್ಕಾರದ ಕೈಲಿರಬೇಕಾ ಅನ್ನೋ ಪ್ರಶ್ನೆಯನ್ನ ಅವರು ಅಲ್ಲೇ ಎತ್ತಿದ್ರು. ಬಡತನದ ಬಲೆಯಿಂದ ಜನ ಹೊರಬರಬೇಕಾದ್ರೆ ಶಕ್ತಿ ಅಗ್ಗವಾಗಿ, ಧಾರಾಳವಾಗಿ ಸಿಗಬೇಕು ಅನ್ನೋದು ಅವರ ವಾದ. 1947ರ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಕೃತಿಯಲ್ಲಿ ಮುಖ್ಯ ಉದ್ಯಮಗಳು ಸರ್ಕಾರದ ಒಡೆತನದಲ್ಲೇ ಇರಬೇಕು ಅಂತ ಸ್ಪಷ್ಟವಾಗಿ ಬರೆದ್ರು. ಇಂಧನ ಮತ್ತು ಜಾತಿ ಬೇರೆ ಬೇರೆ ವಿಷಯ ಅಂತ ಅವರು ಅಂದುಕೊಂಡಿರಲಿಲ್ಲ. ನಾವ್ಯಾಕೆ ಅಂದುಕೊಳ್ತೀವಿ?

ಹಾಗಾದ್ರೆ ಏನು ಕೇಳಬೇಕು? ನನಗೆ ತೋಚಿದ್ದು ಇಷ್ಟು. ನೀವು ಸೇರಿಸಿ, ತಿದ್ದಿ.

1. ಇಂಧನ ಬದಲಾವಣೆಯ ಪ್ರತಿ ಯೋಜನೆಯಲ್ಲೂ ಬಸ್ಸುಗಳ ಸಂಖ್ಯೆ ಬರೆದಿರಬೇಕು. ಎಷ್ಟು ಡೀಸೆಲ್ ಬಸ್ ಹೋಗುತ್ತೆ, ಎಷ್ಟು ಹೊಸದು ಬರುತ್ತೆ, ಯಾವ ತಾರೀಕಿಗೆ. ಸ್ಲಂ ಬೋರ್ಡ್ ಕಾಲೊನಿಗಳಿಗೆ ಎಷ್ಟು ಟ್ರಿಪ್ ಅನ್ನೋದೂ ಸೇರಿ.

2. ಬಸ್ ಗುತ್ತಿಗೆಗೆ ಕೊಟ್ಟರೂ ಡ್ರೈವರ್ ನೇಮಕ ನಿಗಮದ್ದೇ ಆಗಿರಬೇಕು, ರೋಸ್ಟರ್ ಪ್ರಕಾರ. ಅಲ್ಲಿಯವರೆಗೆ ಈಗಿರೋ ಗುತ್ತಿಗೆಗಳಲ್ಲಿ ಮೀಸಲಾತಿಯ ಷರತ್ತು ಸೇರಿಸಬೇಕು.

3. ಆಟೋದವರಿಗೆ ಕಿಟ್, ಸಿಲಿಂಡರ್ ಪರೀಕ್ಷೆ, ಹೊಸ ಗಾಡಿಯ ಖರ್ಚಿಗೆ ಸರ್ಕಾರದ ನೆರವು ಬೇಕು, ಅದು ಫೈನಾನ್ಸಿಯರ್‌ಗೆ ಹೋಗದೆ ಓಡಿಸೋನ ಖಾತೆಗೇ ಬರಬೇಕು. ಗ್ಯಾಸ್ ಬೆಲೆ ಏರಿದರೆ ಮೀಟರ್ ದರ ತಾನಾಗೇ ಬದಲಾಗೋ ಲೆಕ್ಕ ಇರಬೇಕು.

4. ಇದಕ್ಕೆಲ್ಲ ದುಡ್ಡು ಎಲ್ಲಿಂದ? ದೊಡ್ಡ ಕಾರುಗಳಿಂದ. ಎರಡನೇ ಕಾರು, ಮೂರನೇ ಕಾರಿನ ತೆರಿಗೆಯಿಂದ, ಪುಕ್ಕಟೆ ರಸ್ತೆ ಬದಿ ಪಾರ್ಕಿಂಗ್‌ನಿಂದ. ಹೊಗೆ ಬಿಟ್ಟೋನು ಬಿಲ್ ಕಟ್ಟಲಿ.

5. ಪೈಪ್‌ಲೈನ್ ಕಾಯ್ದೆಯ ಶೇ 10 ಪರಿಹಾರ ಹೋಗಬೇಕು. ಎರಡು ಎಕರೆಗಿಂತ ಕಡಿಮೆ ಇರೋರಿಗೆ, ಬಗರ್‌ಹುಕುಂ ಸಾಗುವಳಿದಾರರಿಗೆ ಪೈಪ್ ಇರೋತನಕ ವರ್ಷವರ್ಷ ಬಾಡಿಗೆ ಕೊಡಲಿ.

ಮಹಾಡ್‌ನಲ್ಲಿ 1927ರಲ್ಲಿ ನಮ್ಮ ಹಿರಿಯರು ಚೌದಾರ್ ಕೆರೆಯ ನೀರು ಕುಡಿದಿದ್ದು ಬಾಯಾರಿಕೆಗಲ್ಲ, ಸಾರ್ವಜನಿಕ ಅನ್ನೋದರಲ್ಲಿ ನಮಗೂ ಪಾಲಿದೆ ಅಂತ ಸಾಬೀತು ಮಾಡೋಕೆ. ಗಾಳಿ, ರಸ್ತೆ, ಬಸ್ಸು ಕೂಡ ಸಾರ್ವಜನಿಕವೇ. ಅದನ್ನ ಶುದ್ಧ ಮಾಡೋ ಖರ್ಚು ಮಾತ್ರ ನಮ್ಮ ಪಾಲಿಗೆ, ಪ್ರಯೋಜನ ಬೇರೆಯವರ ಪಾಲಿಗೆ ಅನ್ನೋ ಲೆಕ್ಕವನ್ನ ಒಪ್ಪೋಕಾಗಲ್ಲ.

ಮುಂದಿನ ಸಭೆಯಲ್ಲಿ ಇದನ್ನ ಅಜೆಂಡಾಕ್ಕೆ ಹಾಕಿ. ಆಟೋ ಸಂಘದ ಅಣ್ಣಂದಿರನ್ನ, ಪೌರಕಾರ್ಮಿಕ ಅಕ್ಕಂದಿರನ್ನ, ಡಿಪೋದಲ್ಲಿರೋ ನಮ್ಮವರನ್ನ ಕರೀರಿ, ಒಟ್ಟಿಗೆ ಕೂರಿಸಿ. ನಿಮ್ಮ ಊರಿನಲ್ಲಿ ಪೈಪ್ ಹಾದುಹೋಗಿದ್ದರೆ ಯಾರ ಜಮೀನು, ಎಷ್ಟು ಪರಿಹಾರ ಸಿಕ್ತು ಅಂತ ವಿಚಾರಿಸಿ ಬರೆದಿಡಿ. ಬರೆದಿಟ್ಟಿದ್ದೇ ನಾಳೆ ಕೋರ್ಟಿನಲ್ಲಿ, ಬೀದಿಯಲ್ಲಿ ಕೆಲಸಕ್ಕೆ ಬರೋದು.

ಜೈ ಭೀಮ್.